ಕುದುರೆಯ ಸಂಕ್ರಾಂತಿ

ನನ್ನ ಕುದುರೆಗೆ ಲಾಳ ಕಟ್ಟಲು ಪಾಂಡವಪುರದಿಂದ ಬರುತ್ತಿದ್ದಾತ ಮೊದಲು ಗೊರಸು ನೋಡುತ್ತಿರಲಿಲ್ಲ, ಹೊಟ್ಟೆಗೆ ಕಿವಿಯಿಟ್ಟು ಕರುಳಿನ ಗುಡುಗುಡು ಆಲಿಸುತ್ತಿದ್ದ. ಹೊಸದಾಗಿ ಕುದುರೆ ಕೊಂಡಿದ್ದ ನಾನು ಏನು ಕೇಳಿದರೂ ಆತನದು ಒಂದೇ ಉತ್ತರ: “ದನ ಅಲ್ಲ ಕಣ್ಲಾ ಇದು.”

ಬೆಳಗೊಳದ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಸುಗಳೇ. ಸಂಕ್ರಾಂತಿಯಂದು ಅವಕ್ಕೆ ಪೊಂಗಲ್ ತಿನ್ನಿಸಿದ ಅಮ್ಮ, ಕುದುರೆಗೂ ಒಂದು ಬಕೆಟ್ ಇಟ್ಟರು. ನಾನು ತಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುದುರೆ ಬೆವರಿ ನೆಲಕ್ಕುರುಳಿತು.

ಪಶುವೈದ್ಯರು ಸೂಜಿ ಚುಚ್ಚಿ ಹೋದ ಮೇಲೆ, ಸುದ್ದಿ ತಿಳಿದು ಲಾಳ ಕಟ್ಟುವಾತ ಓಡಿಬಂದ.

“ಕಕ್ಕಿಬುಟ್ರೆ ಸರಿಹೋಗ್ತದಲ್ವಾ ಅಣ್ಣ?” ಎಂದೆ.

ಆತ ನನ್ನ ಕೆನ್ನೆಗೆ ಬಾರಿಸಿದ. “ಕುದ್ರೆಗೆ ಕಕ್ಕಾಕೆ ಬರಾಕಿಲ್ಲ ಕಣ್ಲಾ! ಒಟ್ಟೆ ಒಡ್ದು ಸಾಯ್ತದೆ. ಅಷ್ಟು ಓದಿದ್ದೀಯ, ಇದ ಓದ್ನಿಲ್ವಾ?”

ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಪ್ರಶ್ನಿಸಲು ಕಲಿತಿದ್ದೆ. ಇದೊಂದನ್ನು ಯಾರನ್ನೂ ಕೇಳಿರಲಿಲ್ಲ.

ಆತ ನಿಜವಾಗಿ ಹೊಡೆದನೇ? ಅಮ್ಮ ಇಲ್ಲವೆನ್ನುತ್ತಾರೆ. ಕೆನ್ನೆ ಉರಿದದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಆತ ಕುದುರೆಯನ್ನು ಎಬ್ಬಿಸಿ, ಸಂಜೆಯವರೆಗೆ ಅಂಗಳದಲ್ಲಿ ಮೆಲ್ಲಗೆ ನಡೆಸಿದ. ಆಗಾಗ ಹೊಟ್ಟೆಗೆ ಕಿವಿಯಿಟ್ಟು, ಕರುಳಿನ ಸದ್ದು ಕೇಳಿಸದೆ ಇಲ್ಲವೆಂದು ತಲೆಯಾಡಿಸಿದ. ಅಮ್ಮ ಹೊಸ್ತಿಲು ಬಿಟ್ಟು ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ, ಕೊನೆಗೂ ಕುದುರೆ ಲದ್ದಿ ಹಾಕಿತು.

ಆತ ಆ ಬಿಸಿ ಲದ್ದಿಯನ್ನು ಬೊಗಸೆಯಲ್ಲಿ ಎತ್ತಿ ಅಮ್ಮನ ಮುಂದೆ ಹಿಡಿದ.

“ಈಗ ಆಯ್ತು ನೋಡವ್ವ, ಸಂಕ್ರಾಂತಿ.”