ಅವ್ವ ತಿದ್ದಿದ ಪದ

ಲೈಸೆನ್ಸ್ ಟೆಸ್ಟಿನಲ್ಲಿ ಯಾರ ಕಣ್ಣೀರಿಗೂ ನಾನು ಪಾಸ್ ಕೊಟ್ಟವನಲ್ಲ. ನಮ್ಮ ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿ ಕಡೆಯ ಕುರಿ ಸಾಕುವ ಮನೆಯ ಹೆಂಗಸೊಬ್ಬಳು ಬಂದಿದ್ದಳು. ಲೈಸೆನ್ಸ್ ಸಿಕ್ಕರೆ ಹಾಲಿನ ವ್ಯಾನ್ ಓಡಿಸುವ ಕೆಲಸ ಕಾದಿತ್ತು. ಏರಿನಲ್ಲಿ ಗಾಡಿಯನ್ನು ಚೆನ್ನಾಗಿಯೇ ಹತ್ತಿಸಿದಳು; ಕನ್ನಡಿಯನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಹಿಂದಿನ ಸಲ ಫೇಲಾಗಿದ್ದೂ ಅದಕ್ಕೇ.

“ಏಮ್ಮಾ, ಕಣ್ಣಾಡಿ ಪಾಕ್ಕ ಮಾಟ್ಟಿಯಾ?” ಕನ್ನಡಿ ನೋಡೋದೇ ಇಲ್ವಾ ಎಂದು ತಮಿಳಿನಲ್ಲಿ ಗದರಿದೆ.

“ಅವ್ವನ ಪದ ಅಡ್ಡ ಬರ್ತೈತೆ,” ಎಂದು ಕನ್ನಡದಲ್ಲಿ ಗೊಣಗಿದಳು.

“ಯಾವ ಪದ?” ನಾನೂ ಕನ್ನಡದಲ್ಲೇ ಕೇಳಿದೆ. ಬೆಚ್ಚಿದಳು. ಆಮೇಲೆ, ತನ್ನ ಗಂಡ ತೀರಿಕೊಂಡಾಗ ಅವ್ವ ಕಟ್ಟಿದ್ದು ಎಂದು ಹಾಡಿಯೇಬಿಟ್ಟಳು:

ಏರು ಬಂತೆಂದು ಹಿಂದಕ್ಕೆ ನೋಡಬ್ಯಾಡ
ಊರಿದ ಕಾಲ ಕೀಳಬ್ಯಾಡ, ನನ ಮಗಳೆ
ಏರಿದ ಮ್ಯಾಲೆ ಬಯಲೈತೆ.

“ಪದ ಚೆನ್ನಾಗಿದೆಯಮ್ಮ. ಆದರೆ ಗಾಡಿಯಲ್ಲಿ ಕೂತವರು ಹಿಂದೆ ನೋಡಲೇಬೇಕು. ಫೇಲ್.”

“ಕನ್ನಡದೋರು ಅಂತ ಆಸೆ ಪಟ್ನಲ್ಲಾ ಸಾರ್!”

“ಅವ್ವನಿಗೆ ಹೇಳು, ಪದ ತಿದ್ದಲಿ.”

ಮುಂದಿನ ಟೆಸ್ಟಿಗೆ ಬಂದವಳು ಏರಿನ ಬುಡದಲ್ಲಿ ಮೆಲ್ಲಗೆ ಗುನುಗಿದಳು:

ಏರು ಬಂತೆಂದು ಅಂಜಬ್ಯಾಡ, ಕನ್ನಡ್ಯಾಗೆ
ಊರ ಒಂದ್ಸಾರಿ ನೋಡ್ಕೊಳ್ಳೆ, ನನ ಮಗಳೆ
ಏರಿದ ಮ್ಯಾಲೆ ಬಯಲೈತೆ.

ಕಣ್ಣು ಕನ್ನಡಿಗೆ ಹೋಯಿತು. ಗಾಡಿ ಹಿಂದಕ್ಕೆ ಜಾರದೆ ಏರಿತು. ಪಾಸ್ ಎಂದೆ.

“ಅವ್ವ ನನ್ನ ಬೈದರಾ?”

“ಮೊದ್ಲು ಬೈದ್ಲು ಸಾರ್. ಆಮೇಲೆ, ‘ಆವಯ್ಯ ಹೇಳಾದೂ ಸರಿ ಕಣ್ಲೇ, ಹಿಂದ್ಲ ಮರಿ ನೋಡ್ದೆ ಯಾರಾನ ಕುರಿ ಹೊಡೀತಾರಾ?’ ಅಂದ್ಲು.”

ನಮ್ಮ ಇಲಾಖೆಯ ನಿಯಮದಲ್ಲಿ ಒಂದೇ ಒಂದು ಸಾಲು ತಿದ್ದಿಸಲು ನಾನು ವರ್ಷಗಟ್ಟಲೆಯಿಂದ ಮೇಲಿನವರಿಗೆ ಬರೆಯುತ್ತಲೇ ಇದ್ದೇನೆ. ಅವರು ತಿದ್ದುವಷ್ಟರಲ್ಲಿ ನಾನು ರಿಟೈರ್ ಆಗದಿದ್ದರೆ ಸಾಕು.