ಕಂಬದ ಪಕ್ಕದ ಊಟ

ನನಗೆ ಕಡಲೆಕಾಯಿ ಆಗುತ್ತಿರಲಿಲ್ಲ. ರಾಯಲ್ಪಾಡಿನ ಕಡೆ ಹುಟ್ಟಿ ಹೀಗೆಂದರೆ ಯಾರು ನಂಬುತ್ತಾರೆ? ಚಟ್ನಿಗೂ ಅದೇ, ಉಂಡೆಗೂ ಅದೇ, ನೆಂಟರು ಹೊರಟರೆ ಚೀಲಕ್ಕೆ ಸುರಿಯುವುದೂ ಅದೇ. ಒಂದು ಚೂರು ನಾಲಿಗೆಗೆ ತಾಕಿದರೆ ಸಾಕು, ತುಟಿ ಊದಿ, ಮೈಯೆಲ್ಲ ಗಂದೆ ಎದ್ದು, ಉಸಿರು ಕಟ್ಟುತ್ತಿತ್ತು. ಅಲರ್ಜಿ ಎಂಬ ಮಾತು ಎಪ್ಪತ್ತರ ದಶಕದಲ್ಲಿ ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಅಜ್ಜಿ "ದಿಷ್ಟಿ ತಗಿಲಿಂದಿ" ಎಂದು ತೆಲುಗಿನಲ್ಲಿ ಗೊಣಗುತ್ತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆ ಘಾಟಿಗೆ ಇದ್ದ ಉಸಿರೂ ಹೋಗುವಂತಾಗುತ್ತಿತ್ತು. ಇದು ಕಡಲೆಕಾಯಿಯದೇ ಕೆಲಸ ಎಂದು ಕಂಡುಹಿಡಿದವಳು ಅಮ್ಮ. ನನ್ನ ಅಡುಗೆಗೆ ಹುಚ್ಚೆಳ್ಳೆಣ್ಣೆ ಬೇರೆಯಾಗಿ ಇಟ್ಟಳು.

ಸ್ಕೂಲಿಗೆ ಸೇರಿಸುವಾಗ ಟೀಚರಿಗೂ ಹೇಳಿದಳು: "ಇವ್ಳಿಗೆ ಕಳ್ಳೆಬೀಜ ಮಾತ್ರ ತಗಲಕೂಡ್ದು ಮೇಡಂ. ಯಾರು ಏನ್ ಕೊಟ್ರೂ ಬಾಯಿಗ್ ಹಾಕ್ಕೊಂಡ್ಬಿಡ್ತಾಳೆ."

ಮಧ್ಯಾಹ್ನ ಸಾಲಾಗಿ ಕೂತ ಮಕ್ಕಳು ಒಬ್ಬರ ರೊಟ್ಟಿ ಇನ್ನೊಬ್ಬರ ಚಟ್ನಿಗೆ ಅದ್ದಿಯೇ ತಿನ್ನುವವರು. ಪಾಪ, ಟೀಚರ್ ಏನು ಮಾಡಿಯಾರು? ಜಗಲಿಯ ಕೊನೆಯ ಕಂಬದ ಹತ್ತಿರ ನನ್ನೊಬ್ಬಳನ್ನೇ ಕೂರಿಸಿದರು. ಮೊದಮೊದಲು ಹುಡುಗಿಯರು ಅಲ್ಲಿಂದಲೇ "ಏನೇ, ಮಡಿನಾ?" ಎಂದು ರೇಗಿಸುತ್ತಿದ್ದರು. ಆಮೇಲೆ ರೇಗಿಸುವುದನ್ನೂ ಮರೆತರು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರೆ. ನನ್ನ ಊಟ ನನ್ನಿಚ್ಛೆಯದಲ್ಲ, ನೋಡುವುದಕ್ಕೆ ಪರರೂ ಇಲ್ಲ. ಬಹಳ ಬೇಜಾರಾಗುತ್ತಿತ್ತು.

ಮಾಲೂರಿನ ಕಡೆಯಿಂದ ಹೊಸ ಹೆಡ್‌ಮೇಷ್ಟ್ರು ವರ್ಗವಾಗಿ ಬಂದರು. ಬಂದ ದಿನವೇ ಊಟದ ಹೊತ್ತಿಗೆ ಜಗಲಿಯ ಮೇಲೆ ನಡೆದು ಬಂದವರು ನನ್ನನ್ನು ನೋಡಿ ನಿಂತುಬಿಟ್ಟರು. ನಮ್ಮ ಕಡೆ ಒಂದು ಮಗುವನ್ನು ಊಟಕ್ಕೆ ದೂರ ಕೂರಿಸಿದ್ದಾರೆ ಎಂದರೆ ಅರ್ಥ ಒಂದೇ. ಅವರು ಅದನ್ನೇ ಅರ್ಥ ಮಾಡಿಕೊಂಡರು. ಅವತ್ತು ಟೀಚರ್ ರಜ.

"ಇದು ಸರ್ಕಾರಿ ಸ್ಕೂಲು! ಜಾತಿಗೀತಿ ಎಲ್ಲಾ ನಿಮ್ ಮನೇಲಿಟ್ಕೊಳ್ಳಿ!" ಎಂದು ಸಾಲಿಗೆ ಸಾಲೇ ನಡುಗುವಂತೆ ಕೂಗಿದರು. ನನ್ನ ಕೈಹಿಡಿದು ತಂದು ಸಾಲಿನ ಮಧ್ಯೆ ಕೂರಿಸಿ, ಪಕ್ಕದಲ್ಲಿ ತಾವೂ ಚಕ್ಕಲಮಕ್ಕಲ ಹಾಕಿ ಕೂತರು. ತಮ್ಮ ಡಬ್ಬಿಯ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ನನ್ನ ಕೈಗಿಟ್ಟರು.

"ತಿನ್ನಮ್ಮ. ಯಾರೇನಂತಾರೋ ನೋಡ್ತೀನಿ."

ವಾಸನೆಯಲ್ಲೇ ಗೊತ್ತಾಯಿತು, ಕಡಲೆಕಾಯಿ ಚಟ್ನಿ. ಆ ಕಡೆ ಕೂತ ಹುಡುಗಿಯ ಮೊಣಕಾಲು ನನ್ನ ಮೊಣಕಾಲಿಗೆ ತಾಕುತ್ತಿತ್ತು. ತಿಂದೆ.

ರೊಟ್ಟಿ ಮುಗಿಯುವ ಮೊದಲೇ ಗಂಟಲು ಬಿಗಿಯಿತು. ಹೆಡ್‌ಮೇಷ್ಟ್ರು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಕಾಂಪೌಂಡರು ಇಂಜೆಕ್ಷನ್ ಚುಚ್ಚಿದ ಮೇಲೆ ಬಹಳ ಹೊತ್ತಿಗೆ ಉಸಿರು ಸರಾಗವಾಯಿತು. ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ ಅಮ್ಮ "ಕಳ್ಳೆಬೀಜ ಯಾರ್ ಕೊಟ್ರು?" ಎನ್ನುತ್ತ ಹಾಗೇ ಓಡಿಬಂದಳು. ಹೆಡ್‌ಮೇಷ್ಟ್ರು ಎದ್ದು ಕೈಮುಗಿದರು.

"ತಪ್ಪಾಯ್ತು ತಾಯಿ. ನಾನು ಇನ್ನೇನೋ ಅಂದ್ಕೊಂಡೆ."

ಅಮ್ಮ ಅವರ ಕಡೆ ತಿರುಗಲೇ ಇಲ್ಲ. ನನ್ನ ರಟ್ಟೆ ಹಿಡಿದು ಅಲುಗಾಡಿಸಿದಳು. "ಗೊತ್ತಿದ್ದೂ ಗೊತ್ತಿದ್ದೂ ಯಾಕೇ ತಿಂದೆ?"

"ಬ್ಯಾಡ ಅಂದ್ರೆ ಮತ್ತೆ ಕಂಬದ ಹತ್ರ ಹೋಗು ಅಂತಾರೆ ಅಂದ್ಕೊಂಡೆ ಕಣಮ್ಮ."

ರಟ್ಟೆ ಹಿಡಿದ ಕೈ ಸಡಿಲವಾಯಿತು.

ಮೈಯ ಗಂದೆ ಇಳಿದ ಮೇಲೆ ಸ್ಕೂಲಿಗೆ ಹೋದೆ. ಊಟದ ಗಂಟೆ ಹೊಡೆಯಿತು. ಹುಡುಗಿಯರು ನನ್ನನ್ನು ಕಂಡು ಹೆದರಿ ತಮ್ಮ ಡಬ್ಬಿಗಳನ್ನು ಹಿಂದಕ್ಕೆಳೆದುಕೊಂಡರು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ನಾನೇ ಹೋಗಿ ಕಂಬದ ಪಕ್ಕ ಕೂತೆ.