ಎಡಗಡೆಯ ದನಿ

ಅಕ್ಕ, ದೇವದುರ್ಗದಿಂದ ತಂದ ಆ ಸ್ಟೀರಿಯೊ ಪ್ಲೇಟು ಕೆಟ್ಟಿರಲಿಲ್ಲ. ಕೆಟ್ಟಿದ್ದು ನಿನ್ನ ಎಡಗಿವಿ. ಅದು ನನಗೆ ಅವತ್ತೇ ಗೊತ್ತಾಗಿತ್ತು — ಗೊತ್ತಿದ್ದೂ ನಿನ್ನ ಎದುರಿಗೆ ಕೂತು ಸುಳ್ಳು ಹೇಳಿದೆ.

ಇಷ್ಟು ಬರೆಯುವುದಕ್ಕೆ ನನಗೆ ವರ್ಷಗಳೇ ಬೇಕಾದವು. ಉಳಿದದ್ದನ್ನೂ ಬರೆದುಬಿಡುತ್ತೇನೆ, ಇಲ್ಲವಾದರೆ ಮತ್ತೆ ಹೆದರುತ್ತೇನೆ.

ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚು ನಮ್ಮಿಬ್ಬರಿಗೂ ಒಟ್ಟಿಗೇ ಹಿಡಿದದ್ದು. ಶನಿವಾರ ರಾಯಚೂರಿನ ಕಾಲೇಜು ಲೈಬ್ರರಿಗೆ ಬೀಗ ಹಾಕಿ ನಾನು ಮಾನ್ವಿ ಬಸ್ಸು ಹತ್ತಿದರೆ, ಭಾನುವಾರವೆಲ್ಲ ನಿನ್ನ ಪಡಸಾಲೆಯಲ್ಲೇ. ಒಂದೇ ಹಾಡಿನ ಮೋನೊ ಬೇರೆ, ಸ್ಟೀರಿಯೊ ಬೇರೆ ಎಂದು ಪಟ್ಟಿ ಮಾಡುತ್ತಿದ್ದೆವು. ಮೋನೊದಲ್ಲಿ ದನಿ, ತಬಲಾ, ಹಾರ್ಮೋನಿಯಂ ಪೇಟಿ ಎಲ್ಲ ಕಲೆತು ಬರುತ್ತವೆ. ಸ್ಟೀರಿಯೊದಲ್ಲಿ ಎಡಕ್ಕೊಂದು ಬಲಕ್ಕೊಂದು. ಕವರನ್ನು ನಂಬುವಂತಿರಲಿಲ್ಲ, ಮಂದಿ ಸಿಕ್ಕ ಕವರಿಗೆ ಸಿಕ್ಕ ಪ್ಲೇಟು ತುರುಕಿರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಇಬ್ಬರೂ ಕೇಳಿದ ಮೇಲೆಯೇ ಪಟ್ಟಿಗೆ ಸೇರಬೇಕು ಎಂದು ನೀನು ಕಾಯ್ದೆ ಮಾಡಿದ್ದೆ. ಇನ್ನೊಂದು ಕಾಯ್ದೆಯೂ ನಿನ್ನದೇ — ಚೆನ್ನಾಗಿರುವುದೆಲ್ಲ ನಿನ್ನ ಕಪಾಟಿಗೆ, ಸವೆದದ್ದು ಬೇಕಾದರೆ ನನಗೆ. ದೊಡ್ಡವಳು ನೀನು, ಒಳಗೊಳಗೇ ಮುಖ ಊದಿಸಿಕೊಂಡು ನಾನು ಹೂಂ ಅಂದಿದ್ದೆ.

ನಮ್ಮ ಕಡೆ ಇಂಥ ಪ್ಲೇಟು ಸಿಗುವುದು ಹಳೆಯ ಮೈಕ್ ಅಂಗಡಿಗಳಲ್ಲಿ. ಮದುವೆ ಚಪ್ಪರದ ಮೈಕಿಗೆ ಸ್ಟೀರಿಯೊ ಯಾಕೆ ಬೇಕು? ಹಾಗಾಗಿ ಸಿಕ್ಕಿದ್ದೆಲ್ಲ ಮೋನೊ. ಅಪರೂಪಕ್ಕೊಂದು ಸ್ಟೀರಿಯೊ ಸಿಕ್ಕರೂ ಅವರ ಯಂತ್ರದ ಭಾರದ ಮುಳ್ಳು ಅದನ್ನು ಕೆರೆದು ಹಾಳುಮಾಡಿರುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಾ ಗುನುಗುತ್ತಿದ್ದ ತತ್ವಪದದ ಸ್ಟೀರಿಯೊವನ್ನು ನಾವು ಎಷ್ಟು ಹುಡುಕಿದ್ದೆವು! ಕೊನೆಗೆ ಅದು ದೇವದುರ್ಗದಲ್ಲಿ ಸಿಕ್ಕಿತು.

ಆ ಭಾನುವಾರ ನೀನೇ ಮೊದಲು ಕೇಳಿದೆ. ಕಣ್ಣು ಮುಚ್ಚಿ ಕೂತವಳು ಹುಬ್ಬು ಗಂಟಿಕ್ಕಿದೆ.

"ತಬಲಾ ಅದ, ಪೇಟಿ ಅದ. ಹಾಡಾಕಿ ದನಿನೇ ಇಲ್ಲಲ್ಲ ಬೇ," ಅಂತ ಹೆಡ್‌ಫೋನನ್ನು ನನಗೆ ಕೊಟ್ಟೆ.

ನಾನು ಹಾಕಿಕೊಂಡೆ. ಎಡಗಡೆ ಹಾಡುವವಳ ದನಿ — ಪಕ್ಕದಲ್ಲೇ ಕೂತು ಹಾಡಿದಷ್ಟು ಸ್ವಚ್ಛ. ನನಗೆ ತಕ್ಷಣ ಹೊಳೆಯಿತು. ಹಿಂದಿನ ದಿನ ನಾನು ಬಂದಾಗಿನಿಂದ ನೀನು ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದೆ. ನೆಗಡಿಗೆ ಎಡಗಿವಿ ಕಟ್ಟಿದೆ ಎಂದು ನೀನೇ ಹೇಳಿದ್ದೆ. ಹೆಡ್‌ಫೋನನ್ನು ತಿರುಗಿಸಿ ನಿನ್ನ ತಲೆಗೇರಿಸಿದ್ದರೆ ಸಾಕಿತ್ತು, ದನಿ ಬಲಗಿವಿಗೆ ಬಂದು, ಕೆಟ್ಟಿದ್ದು ಪ್ಲೇಟಲ್ಲ ಎಂದು ನಿನಗೇ ಗೊತ್ತಾಗುತ್ತಿತ್ತು. ನಾನು ಅದನ್ನು ಕಳಚಿ ಕೆಳಗಿಟ್ಟೆ.

"ಎಡಗಡಿ ಪೂರಾ ಸವದದ ಅಕ್ಕ. ಮೈಕಿನವರ ಮುಳ್ಳು ತಿಂದುಬಿಟ್ಟದ."

ನೀನು ನಂಬಿದೆ. ನಿನ್ನ ಕಿವಿಗಿಂತ ನನ್ನ ಕಿವಿಯ ಮೇಲೆ ನಿನಗೆ ಯಾವಾಗಲೂ ಹೆಚ್ಚು ಭರವಸೆ. ಆ ಪ್ಲೇಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಬಾಗದಿರಲಿ ಎಂದು ಹಿಂದೆ ಮುಂದೆ ರಟ್ಟು ಇಟ್ಟು ನನ್ನ ಕೈಗೆ ಕೊಟ್ಟೆ. ಹಾಳಾಯಿತೆಂದುಕೊಂಡ ಪ್ಲೇಟಿಗೂ ಅಷ್ಟು ಜೋಪಾನ!

ನೆಗಡಿ ಇಳಿದರೆ ಕಿವಿ ತೆರೆಯುತ್ತದೆ, ಪ್ಲೇಟು ನನ್ನ ಹತ್ತಿರ ಉಳಿಯುತ್ತದೆ — ಅಷ್ಟೇ ನನ್ನ ಲೆಕ್ಕ. ಲೆಕ್ಕ ಅಂತ ಯಾಕೆ ಮುಚ್ಚಿಡಲಿ, ದುರಾಸೆ.

ಕಿವಿ ತೋರಿಸಲು ನೀನು ರಾಯಚೂರಿಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಶುರುವಾದ ಕೂಡಲೇ ಬಂದಿದ್ದರೆ ಔಷಧಿಗೆ ಬಗ್ಗಬಹುದಿತ್ತೇನೋ, ಈಗ ಏನೂ ಮಾಡಲಾಗದು ಎಂದರು ಡಾಕ್ಟರಮ್ಮ. ಯಾವಾಗಿನಿಂದ ಹೀಗಾಗಿದೆ ಎಂದು ಅವರು ಕೇಳಿದಾಗ ನೀನು ನೆನಪಿಲ್ಲ ಅಂದೆ. ನನಗೆ ನೆನಪಿತ್ತು. ಪಕ್ಕದ ಕುರ್ಚಿಯಲ್ಲಿ ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತಿದ್ದೆ.

ಮುಂದಿನ ಸಲ ಮಾನ್ವಿಗೆ ಬಂದಾಗ ನೀನು ಸ್ಟೀರಿಯೊ ಪ್ಲೇಟುಗಳನ್ನೆಲ್ಲ ಕಪಾಟಿನಿಂದ ತೆಗೆದು ನನ್ನ ಮುಂದೆ ಇಟ್ಟೆ.

"ಇನ್ನ ಮ್ಯಾಲೆ ನಾ ಮೋನೊ. ಇವೆಲ್ಲಾ ನೀ ಒಯ್ಯಿ ಯವ್ವಾ. ಕೇಳಿ ನನಗ ಹೇಳು, ಸಾಕು."

ಹಾಗಂದು ನೀನು ನಕ್ಕೆ. ನಾನೂ ನಕ್ಕೆ — ಹೇಗೆ ನಗಲು ಸಾಧ್ಯವಾಯಿತೋ. ಎಲ್ಲವನ್ನೂ ಹೊತ್ತು ಮನೆಗೆ ತಂದೆ, ಬೇಡ ಎನ್ನಲಿಲ್ಲ. ಈಗಲೂ ಫೋನಿನಲ್ಲಿ ನೀನು ಎಡಗಡೆ ಏನಿದೆ, ಬಲಗಡೆ ಏನಿದೆ ಎಂದು ಕೇಳುತ್ತೀ, ನಾನು ಹೇಳುತ್ತೇನೆ, ನೀನು ಪಟ್ಟಿಗೆ ಬರೆದುಕೊಳ್ಳುತ್ತೀ. ನನ್ನ ಬಾಯಿಂದ ಕೇಳುವಾಗ ನಿನಗೆ ಅದೆಷ್ಟು ಖುಷಿ. ಆ ತತ್ವಪದವನ್ನು ಮಾತ್ರ ನಾನು ಒಬ್ಬಳೇ ಇದ್ದಾಗಲೂ ಪೂರ್ತಿ ಕೇಳಲಾರೆ, ಅಕ್ಕ. ಹಾಡುವವಳ ದನಿ ಶುರುವಾದ ಕೂಡಲೇ ಮುಳ್ಳು ಎತ್ತಿಬಿಡುತ್ತೇನೆ.

ಈ ಭಾನುವಾರ ಈ ಕಾಗದ ಹಿಡಿದು ನಾನೇ ಬರುತ್ತೇನೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಿನ್ನ ಬಲಗಡೆ ಕೂತು, ಒಂದು ಮಾತೂ ತಪ್ಪಿಹೋಗದಂತೆ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ.